ಗುರುವಾರ ಬರುವ ಐಸ್ ಡಬ್ಬಿ

ಸಣ್ಣ ಒರಳಿನಲ್ಲಿ ಹುರಿದ ಶೇಂಗಾ, ಬೆಳ್ಳುಳ್ಳಿ, ಕೆಂಪು ಖಾರ... ಮಲ್ಲೇಶ್ವರಿ ಅಂಗಳದಲ್ಲಿ ಕೂತು ಚಟ್ನಿ ಕುಟ್ಟುತ್ತಿದ್ದಳು.

"ಅಕ್ಷೀ!"

ಸೀನಿನ ಸದ್ದಿಗೆ ಬೆಚ್ಚಿ ತಲೆಯೆತ್ತಿದಳು. ಹೆಗಲಿಗೆ ಐಸ್ ಡಬ್ಬಿ ತೂಗುಹಾಕಿಕೊಂಡ ಎತ್ತರದ ಗಂಡಸೊಬ್ಬ ಬಾಗಿಲಲ್ಲಿ ನಿಂತಿದ್ದ.

"ಐಸ್ ಕ್ಯಾಂಡಿ ಬ್ಯಾಡ್ರಿ, ಮುಂದ ಹೋಗ್ರಿ. ನಮ್ಮನ್ಯಾಗ ತಿನ್ನೋ ಹುಡುಗ್ರಿಲ್ಲ!"

"ಐಸ್ ಮಾರಾಂವಲ್ರೀ ನಾ... ಅಕ್ಷೀ! ಹಾಲೇಶ ಅಂತ. ಕೊಪ್ಪಳದ ದವಾಖಾನಿಯಿಂದ ಬಂದೀನಿ. ನಿಮ್ಮ ಉಗುಳು ಒಯ್ಯಾಕ!"

ಮಲ್ಲೇಶ್ವರಿಗೆ ನಾಚಿಕೆಯೂ ಬಂತು, ನಗುವೂ ಬಂತು. ಕಣ್ಣಲ್ಲಿ ನೀರು ತುಂಬಿ ಅವನೂ ನಗುತ್ತಿದ್ದ. ಖಾರದ ನೀರೇ ಆದರೂ, ಆ ಕಣ್ಣು ಅವಳಿಗೆ ಮರೆತುಹೋಗಲಿಲ್ಲ.

ಎರಡು ವರ್ಷದ ಹಿಂದೆ ಅವಳ ದೊಡ್ಡ ಕರುಳಿನಲ್ಲಿ ಕ್ಯಾನ್ಸರ್ ಗಡ್ಡೆ ಸಿಕ್ಕಿತ್ತು. ಆಪರೇಷನ್ ಆಯಿತು, ರೋಗ ಹೋಯಿತು. ಆದರೆ ಹೊಟ್ಟೆಯ ಎಡಕ್ಕೆ ಮಲ ಇಳಿಯುವ ಚೀಲವೊಂದು ಜೀವನಪೂರ್ತಿ ಅಂಟಿಕೊಂಡಿತು. ನಿಶ್ಚಯವಾಗಿದ್ದ ಕುಷ್ಟಗಿಯ ಸಂಬಂಧ, ಎಲೆ ಹಾಸುವ ಮುನ್ನವೇ ಪಂಕ್ತಿಯಿಂದ ಎದ್ದು ಹೋದವರಂತೆ ಎದ್ದು ಹೋಯಿತು. ಅವಳು ಅತ್ತಳು. ಆಮೇಲೆ ಹೊಲಿಗೆ ಮಷಿನ್ ಮುಂದೆ ಕೂತಳು. ಯಲಬುರ್ಗಾದ ಅರ್ಧ ಹೆಣ್ಣುಮಕ್ಕಳ ಕುಪ್ಪಸ ಅವಳ ಕೈಯದೇ. ಉಳಿದ ಖಣದ ತುಂಡಿನಲ್ಲಿ ತನ್ನ ಚೀಲಕ್ಕೂ ಚಂದದ ಗೌಸು ಹೊಲಿದುಕೊಂಡಿದ್ದಳು!

ಈ ಕಾಯಿಲೆಯವರ ಮನಸ್ಸಿನ ಚಿಂತೆ ಮೈಯಲ್ಲಿ ಎಷ್ಟು ಉಳಿಯುತ್ತದೆಂದು ಕೊಪ್ಪಳದ ದವಾಖಾನೆಯ ಡಾಕ್ಟರ್ ಅಂಜುಮ ಪರೀಕ್ಷೆ ನಡೆಸುತ್ತಿದ್ದರು. ಮನಸ್ಸು ತಳಮಳಿಸಿದರೆ ಏರುವ ರಸವೊಂದು ಉಗುಳಿನಲ್ಲಿ ಇರುತ್ತದಂತೆ. ಸೋಮವಾರ, ಗುರುವಾರ ಎದ್ದ ಕೂಡಲೇ ಬಾಯಿ ಮುಕ್ಕಳಿಸದೆ ಸಣ್ಣ ನಳಿಕೆಗೆ ಉಗುಳಬೇಕು. 'ಮನದ ಭಾರ ಎಷ್ಟು?' ಎಂಬ ಚೀಟಿಯಲ್ಲಿ ಸೊನ್ನೆಯಿಂದ ಹತ್ತರೊಳಗೆ ಗುರುತು ಹಾಕಬೇಕು. ಗುರುವಾರ ಹತ್ತರ ಬಸ್ಸಿಗೆ ಹಾಲೇಶ ಬಂದು ಒಯ್ಯುತ್ತಾನೆ.

"ಮಾರಿ ತೊಳೀದ ಉಗುಳಿಗೆ ಏನ್ ಮರ್ಯಾದಿ ಬಂತವಾ!" ಎನ್ನುತ್ತಿದ್ದಳು ತಾಯಿ ವಿರೂಪಾಕ್ಷಮ್ಮ. "ಐಸಿನ ಮ್ಯಾಲ ಕುಂತು ಬಸ್ಸಿನ್ಯಾಗ ಹೊಂಟೈತಿ!"

ತಿಂಗಳಿಗೊಮ್ಮೆ ಹಾಲೇಶ ದವಾಖಾನೆಯ ಪೊಟ್ಟಣವನ್ನೂ ತರುತ್ತಿದ್ದ. ಪೇಪರ್ ಸುತ್ತಿದ ಪೊಟ್ಟಣ. ಒಳಗಿರುವುದು ಹೊಸ ಚೀಲಗಳು. 'ಪಾಪ, ಗುಳಿಗಿ ಅಂದ್ಕೊಂಡಾನ... ಗೊತ್ತಾದ್ರ ಇವನೂ...' ಎಂದುಕೊಳ್ಳುತ್ತ ಅವಳು ಪೊಟ್ಟಣವನ್ನು ಬೇಗ ಒಳಗೆ ಒಯ್ಯುತ್ತಿದ್ದಳು.

ಅಷ್ಟಾದರೂ ಗುರುವಾರ ಬಂತೆಂದರೆ ಅವಳಿಗೆ ಕೋಳಿ ಕೂಗುವ ಮೊದಲೇ ಎಚ್ಚರ! ತಲೆಗೆ ಸ್ನಾನ, ಮುಡಿಗೆ ಮಲ್ಲಿಗೆ. ಮಗಳು ಗುರುವಾರದ ವ್ರತ ಹಿಡಿದಿದ್ದಾಳೆಂದು ವಿರೂಪಾಕ್ಷಮ್ಮ ಓಣಿಗೆಲ್ಲ ಹೇಳಿಕೊಂಡು ಬಂದಳು.

ಹನ್ನೆರಡನೆಯ ಗುರುವಾರ, ಹಾಲೇಶ ಕೊಟ್ಟುಹೋದ ಖಾಲಿ ನಳಿಕೆಗಳ ನಡುವೆ ಮಡಚಿದ ಚೀಟಿಯೊಂದಿತ್ತು.

'ನಿಮ್ಮ ಮ್ಯಾಲ ನನಗ ಮನಸಾಗೈತ್ರಿ. ಉತ್ತರ ಬರೀರಿ. ಅವಸರಿಲ್ಲ. ಹಾಲೇಶ.'

ಅಂದೇ ಮಧ್ಯಾಹ್ನ ಅವಳು ಉತ್ತರ ಬರೆದಳು. ಚೀಲದ ಮಾತು ಮೊದಲು, ಮನಸ್ಸಿನ ಮಾತು ಆಮೇಲೆ. ಲಕೋಟೆಗೆ ಹಾಕಿ ಮಷಿನ್ ಡ್ರಾದಲ್ಲಿ ಇಟ್ಟಳು. ಕೊಡಲು ಕೈ ಬರಲಿಲ್ಲ... ಒಂದು ವಾರ, ಎರಡು ವಾರ, ಏಳು ವಾರ! ಅವನು ಕೇಳಲಿಲ್ಲ. ಚಹಾ ಕುಡಿದು, ನಕ್ಕು ಹೋಗುತ್ತಿದ್ದ.

ಒಂದು ದಿನ ಡಾಕ್ಟರ ಫೋನು ಬಂತು.

"ಮಲ್ಲೇಶ್ವರಿ, ಸೋಮವಾರ ಎಲ್ಲಾ ಛಲೋ ಐತಿ. ಗುರುವಾರ ಮಾತ್ರ ನಿನ್ನ ಉಗುಳಿನ್ಯಾಗ ಆ ರಸ ಎರಡರಷ್ಟು ಏರತೈತಿ. ಆವತ್ತ ಏನ್ ತ್ರಾಸ?"

ಅವಳ ನಾಲಿಗೆ ತಡವರಿಸಿತು. "ತ್ರಾಸೇನಿಲ್ರಿ... ಆವತ್ತ ಅವ್ರು ಡಬ್ಬಿ ಒಯ್ಯಾಕ ಬರ್ತಾರಲ್ರಿ... ಅದಕ್ಕ..."

"ಓಹ್! ಸಂಕೋಚ ಆಗತೈತೇನು? ಮೊದಲ ಹೇಳಬಾರದಾ!"

ಮುಂದಿನ ಗುರುವಾರ ಮುಡಿದ ಮಲ್ಲಿಗೆ ಮುಡಿದಂತೆಯೇ ಇತ್ತು. ಡಬ್ಬಿ ಒಯ್ಯಲು ಬಂದವನು ದವಾಖಾನೆಯ ಇನ್ನೊಬ್ಬ ಹುಡುಗ ಮುನವ್ವರ.

"ಹಾಲೇಶಣ್ಣಂದು ಈಗ ಕನಕಗಿರಿ ಕಡೀ ಡ್ಯೂಟಿ, ಅಕ್ಕಾರ. ತಾನು ಬಂದ್ರ ಯಾರಿಗೋ ತ್ರಾಸ ಆಗತೈತಂತ. ಭಾಳ ಸಪ್ಪಗ ಆಗ್ಯಾನ."

ಅಯ್ಯೋ... ನನ್ನ ಅರ್ಧ ಮಾತು ಏನು ಮಾಡಿಬಿಟ್ಟಿತು!

ಮೂರು ವಾರ ಹಾಗೇ ಕಳೆಯಿತು. ಮತ್ತೆ ಫೋನು. ಡಾಕ್ಟರ ದನಿಯಲ್ಲಿ ಗೊಂದಲ.

"ಗುರುವಾರದ ಏರಿಕಿ ಪೂರಾ ಇಳದೈತಿ. ಆದ್ರ ಚೀಟ್ಯಾಗ ಮನದ ಭಾರ ಎರಡಿದ್ದದ್ದು ಎಂಟಾಗೈತಲ್ಲ! ಉಗುಳು ಒಂದು ಹೇಳತೈತಿ, ನೀ ಒಂದು ಹೇಳ್ತಿ. ಯಾವುದು ಖರೇ?"

"ಎರಡೂ ಖರೇರಿ!" ಮಲ್ಲೇಶ್ವರಿ ಅಳುತ್ತಲೇ ನಕ್ಕುಬಿಟ್ಟಳು. "ಆವಾಗ ಏರತಿತ್ತಲ್ರಿ... ಅದು ಅಂಜಿಕಿ ಅಲ್ರಿ ಡಾಕ್ಟರ್ರ. ಅವ್ರು ಬರ್ತಾರಂತ... ಅದಕ್ಕರಿ!"

ಆ ಕಡೆ ಡಾಕ್ಟರು ಬಿದ್ದು ಬಿದ್ದು ನಕ್ಕರು.

"ಯಾ ಅಲ್ಲಾ! ಹುಚ್ಚಿ, ನನ್ನ ಚೀಟ್ಯಾಗ ಪ್ರೀತಿಗೊಂದು ಖಾನೇನ ಇಲ್ಲ ನೋಡು! ಬರೋ ಗುರುವಾರ ಕಡೇ ಡಬ್ಬಿ. ಮುನವ್ವರಗ ರಜಾ ಕೊಡ್ತೀನಿ. ಉಳಿದ ಮಾತು ನೀನ ಆಡು."

ಆ ಗುರುವಾರ ಹತ್ತರ ಬಸ್ಸು ಬಂತು. ಹಾಲೇಶ ಹೊಸ್ತಿಲು ತುಳಿಯದೆ ಬೇವಿನ ಗಿಡದ ಕೆಳಗೇ ನಿಂತ.

"ಕಟ್ಟಿ ಮ್ಯಾಲ ಇಡ್ರಿ, ಒಯ್ತೀನಿ. ನಾ ಒಳಗ ಬಂದು ತ್ರಾಸ ಕೊಡೂದಿಲ್ಲ."

"ತ್ರಾಸ ಅಂತ ನಿಮಗ ಹೇಳಿದವ್ರು ಯಾರು?"

"ನಿಮ್ಮ ಉಗುಳೇ ಹೇಳೈತಂತಲ್ರಿ!"

"ಉಗುಳಿಗೇನ್ ತಿಳೀತೈತಿ, ಮಣ್ಣು! ಅದಕ್ಕ ಸಂತೋಷ ಯಾವುದು, ಸಂಕಟ ಯಾವುದು ಗೊತ್ತಾಗೂದಿಲ್ಲ."

ಅವನ ಮುಖ ಮೆಲ್ಲಗೆ ಅರಳಿತು. ಅವಳು ಒಳಗೆ ಓಡಿ ಡ್ರಾ ಎಳೆದಳು. ಲಕೋಟೆಯ ಮೇಲೆ ಹನ್ನೊಂದು ವಾರದ ದಾರದ ಎಳೆಗಳು ಅಂಟಿದ್ದವು. ಹಿಡಿದು ತಂದಳು. ಆದರೆ ಕೊಡಬೇಕೆನ್ನುವಾಗ ಬೆರಳು ಬಿಡಲಿಲ್ಲ.

"ಇದರಾಗ ನಿಮಗ ಗೊತ್ತಿಲ್ಲದ್ದೊಂದು ಮಾತೈತ್ರಿ. ಓದಿ ನೀವು ಬರಲಿಲ್ಲಂದ್ರೂ ನಾ ಬೈಯೂದಿಲ್ಲ..."

"ಚೀಲದ ಮಾತೇನ್ರಿ?"

ಅವಳು ಲಕೋಟೆಯನ್ನು ಎದೆಗೆ ಒತ್ತಿಕೊಂಡಳು.

"ದವಾಖಾನಿಯವ್ರು ಅದನ್ನ ಒಳಗಿಂದು ಕಾಣೋ ಕವರ್‌ನ್ಯಾಗ ಕೊಡ್ತಾರ," ಹಾಲೇಶ ನೆಲ ನೋಡುತ್ತ ಹೇಳಿದ. "ಬಸ್ಸಿನ್ಯಾಗ ನಾಕು ಮಂದಿ ನೋಡಿ ಏನಾರ ಅಂದಾರು ಅಂತ... ಪೇಪರ್ ಸುತ್ತಾಂವ ನಾನ. ಮೊದಲನೇ ತಿಂಗಳಿಂದ."

ಅಷ್ಟೆಲ್ಲ ತಿಳಿದೇ ಆ ಚೀಟಿ ಬರೆದಿದ್ದನೇ ಇವನು! ಕಣ್ಣು ತುಂಬಿತು. ಇವತ್ತು ಖಾರ ಕುಟ್ಟಿಯೂ ಇರಲಿಲ್ಲ.

"ಹಂಗಾರ ಈ ಪತ್ರದಾಗ ನನಗ ಗೊತ್ತಿಲ್ಲದ್ದು ಏನೈತ್ರಿ?" ಅವನು ಕೈ ಚಾಚಿದ.

"ಅರ್ಧ ಪುಟ ಐತಿ... ಕೆಳಗಿನ ಅರ್ಧ."

ಅವಳ ಬೆರಳು ಸಡಿಲವಾಯಿತು. ಅವನು ಲಕೋಟೆ ತೆಗೆದುಕೊಂಡು ಡಬ್ಬಿಯ ಮುಚ್ಚಳ ಎತ್ತಿದ.

"ಇದನ್ನೂ ಐಸಿನ್ಯಾಗ ಇಡಲೇನ್ರಿ?"

"ಬ್ಯಾಡ್ರಿ... ಕಿಸೇದಾಗ ಇಟ್ಕೋರಿ. ಅದು ಈಗಾಗಲೇ ಭಾಳ ದಿನ ತಣ್ಣಗ ಕುಂತಿತ್ತು."

ಹಾಲೇಶ ಪತ್ರವನ್ನು ಎದೆಯ ಕಿಸೆಗೆ ಇಳಿಸಿ, ಮೇಲಿಂದ ಒಮ್ಮೆ ತಟ್ಟಿ, ಬಸ್ ಸ್ಟ್ಯಾಂಡಿನ ಕಡೆ ನಡೆದ.