ಕೆಂಪು ಸ್ಟಿಕರ್ ಬಿದ್ದ ರೊಟ್ಟಿ

“ಇದು ಯಾವಾಗ ಮಾಡಿದ್ದು?” ಅಶ್ಮಿತಾ ಪೊಲೀಸರ ಗತ್ತಿನಲ್ಲಿ ಕೇಳಿದಳು.

“ಹದಿನೈದು ದಿನಾ ಆತು,” ಅವಳ ಗೆಳತಿ ದಾನಮ್ಮ ಹೆಮ್ಮೆಯಿಂದ ಹೇಳಿದಳು. “ಊರಿಂದ ಆಯಿ ಕಳಿಸ್ಯಾಳ. ಇನ್ನೂ ಒಂದ್ ತಿಂಗಳ ಇಟ್ರೂ ಏನೂ ಆಗಂಗಿಲ್ಲ.”

ಆಯಿ ಎಂದರೆ ವಿಜಯಪುರದ ಕಡೆಯ ಹಳ್ಳಿಯಲ್ಲಿರುವ ದಾನಮ್ಮನ ಅಜ್ಜಿ. ಡಬ್ಬಿಯಲ್ಲಿದ್ದದ್ದು ಜೋಳದ ಖಡಕ್ ರೊಟ್ಟಿ, ಶೇಂಗಾ ಚಟ್ನಿ. ಮೊನ್ನೆಯವರೆಗೆ ಅದರಲ್ಲಿ ಅರ್ಧ ಅಶ್ಮಿತಾಳ ಹೊಟ್ಟೆಗೇ ಹೋಗುತ್ತಿತ್ತು. ಯಾರು ಹೆಚ್ಚು ಸದ್ದು ಮಾಡಿ ಅಗಿಯುತ್ತಾರೆ ಎಂದು ಇಬ್ಬರಿಗೂ ದಿನಾ ಪೈಪೋಟಿ.

ಆದರೆ ಮೊನ್ನೆ ಅಶ್ಮಿತಾ ಟಿಫಿನ್ ಮಾನಿಟರ್ ಆಗಿರಲಿಲ್ಲ.

ಯೋಗದ ಪುಂಡರೀಕಾಕ್ಷ ಸರ್ ಐದನೇ ಕ್ಲಾಸಿನ ಗೋಡೆಗೆ ಒಂದು ಚಾರ್ಟ್ ಹಚ್ಚಿದ್ದರು. ತಾಜಾ ಅಡುಗೆ ಸಾತ್ವಿಕ, ಅದಕ್ಕೆ ಹಸಿರು ಸ್ಟಿಕರ್. ಅತಿ ಖಾರದ್ದು ರಾಜಸ, ಹಳದಿ. ನಿನ್ನೆ ಮೊನ್ನೆಯದು ತಾಮಸ, ಕೆಂಪು. ಅದನ್ನು ತಿಂದರೆ ಸೋಮಾರಿತನ ಬರುತ್ತದಂತೆ. ಹೆಚ್ಚು ಹಸಿರು ಸಿಕ್ಕವರು ತಿಂಗಳ ಕೊನೆಗೆ ‘ಯೋಗ ಸ್ಟಾರ್’. ಸ್ಟಿಕರ್ ಹಾಳೆ ಕೈಗೆ ಬಂದ ಮೇಲೆ ಅಶ್ಮಿತಾಳ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

“ಹದಿನೈದು ದಿನ ಅಂದ್ರೆ ಪಕ್ಕಾ ತಾಮಸ,” ಎಂದು ದಾನಮ್ಮನ ಡಬ್ಬಿಯ ಮುಚ್ಚಳಕ್ಕೆ ಕೆಂಪು ಅಂಟಿಸಿದಳು.

“ಪಂದ್ರಾ ದಿನ್ ಕೀ ರೋಟಿ,” ಎಂದ ಹಿಂದಿನ ಬೆಂಚಿನ ಸಮಿತ್. ಇಡೀ ಕ್ಲಾಸು ನಕ್ಕಿತು.

ದಾನಮ್ಮ ಮುಚ್ಚಳ ಹಾಕಿ ಎದ್ದಳು. “ಮೊನ್ನೆ ನೀನೂ ತಿಂದೀ,” ಎಂದಷ್ಟೇ ಹೇಳಿದಳು.

ಮರುದಿನ ಅವಳು ನೀರಿನ ನಲ್ಲಿಯ ಪಕ್ಕದ ಮೆಟ್ಟಿಲ ಮೇಲೆ ಒಬ್ಬಳೇ ಕುಳಿತು ಬಿಸ್ಕಿಟ್ ತಿನ್ನುತ್ತಿದ್ದಳು. ಮಾನಿಟರ್ ಅಲ್ಲಿಗೂ ಹೋದಳು. ಪ್ಯಾಕೆಟ್ ಈಗಷ್ಟೇ ಒಡೆದದ್ದು, ಆದ್ದರಿಂದ ತಾಜಾ, ಹಸಿರು. ಬಿಸ್ಕಿಟ್ ಮಾಡಿ ಎರಡು ತಿಂಗಳಾಗಿತ್ತೆಂದು ಪ್ಯಾಕೆಟ್ಟಿನ ಹಿಂದೆ ಅಚ್ಚಾಗಿತ್ತು. ಅದನ್ನು ಓದಬೇಕೆಂದು ಚಾರ್ಟಿನಲ್ಲಿ ಬರೆದಿರಲಿಲ್ಲ.

ಒಂದು ವಾರ ಹೀಗೇ ಹೋಯಿತು. ಅಶ್ಮಿತಾಳ ಇಡ್ಲಿ ಡಬ್ಬಿಗೆ ದಿನವೂ ಹಸಿರು. ಆದರೆ ಒಬ್ಬಳೇ ಕುಳಿತು ತಿನ್ನುವ ಇಡ್ಲಿಗೆ ಸದ್ದೂ ಇರಲಿಲ್ಲ, ಪೈಪೋಟಿಯೂ ಇರಲಿಲ್ಲ. ಅವಳಿಗೆ ದಾನಮ್ಮ ಬೇಕಾಗಿದ್ದಳು.

ಭಾನುವಾರ ಸಂಜೆ ಅಶ್ಮಿತಾ ಕಲ್ಯಾಣ್ ಸ್ಟೇಷನ್ ಹತ್ತಿರದ ತಮ್ಮ ಹೋಟೆಲಿನಲ್ಲಿದ್ದಳು. ಒಳಗೆ ಗ್ರೈಂಡರ್ ತಿರುಗುತ್ತಿತ್ತು.

“ಈಗ ಯಾಕೆ ಹಿಟ್ಟು, ಪಪ್ಪಾ?”

“ನಾಳೆಯ ಇಡ್ಲಿಗೆ. ರಾತ್ರಿ ಇಡೀ ಇಟ್ಟು ಹುಳಿ ಬರ್ಬೇಕಲ್ಲ ಮಗಾ,” ಎಂದರು ಅಪ್ಪ ವಸಂತಕುಮಾರ.

“ಹಾಗಾದ್ರೆ ನನ್ನ ಡಬ್ಬಿಯ ಇಡ್ಲಿ ನಿನ್ನೆಯದ್ದಾ?”

“ಮತ್ತೆಂತ? ನಿನ್ನೆಯ ಹಿಟ್ಟಿಲ್ಲದೆ ಇವತ್ತಿನ ಇಡ್ಲಿ ಉಬ್ಬುದಿಲ್ಲ.”

ಗಲ್ಲಾದಲ್ಲಿ ಕುಳಿತಿದ್ದ ಅಮ್ಮ ಜಯಲತಾ ತಲೆ ಎತ್ತಿದರು. “ಇಡ್ಲಿ ಬೇರೆ ಮಗಾ.”

“ಹೇಗೆ ಬೇರೆ?”

ಅಮ್ಮ ಸ್ವಲ್ಪ ಯೋಚಿಸಿದರು. “ಅದು ಇಡ್ಲಿ ಅಲ್ವಾ,” ಎಂದರು.

ಸೋಮವಾರ ಊಟದ ಬೆಲ್ ಆದಾಗ ಅಶ್ಮಿತಾ ತನ್ನ ಡಬ್ಬಿಗೆ ತಾನೇ ಕೆಂಪು ಅಂಟಿಸಿ ಸರ್ ಮುಂದೆ ಇಟ್ಟಳು. ಹುಳಿ ಹಿಟ್ಟಿನ ಕತೆ ಕೇಳಿ ಕ್ಲಾಸು ಗಾಬರಿಯಾಯಿತು. ಅರ್ಧ ಕ್ಲಾಸಿನ ಡಬ್ಬಿಯಲ್ಲಿದ್ದದ್ದು ಇಡ್ಲಿ ಇಲ್ಲವೇ ದೋಸೆ.

ಸರ್ ಕಣ್ಣು ಮುಚ್ಚಿ ಉಸಿರನ್ನು ನಿಧಾನವಾಗಿ ಎಳೆದುಕೊಂಡರು, ನಿಧಾನವಾಗಿ ಬಿಟ್ಟರು. ಬೆಳಿಗ್ಗೆ ಅವರೂ ನಾಲ್ಕು ಇಡ್ಲಿ ತಿಂದು ಬಂದಿದ್ದರು. ಆಮೇಲೆ ಪೆನ್ನು ತೆಗೆದು, ಚಾರ್ಟಿನ ಕೆಳಗೆ ‘ಇಡ್ಲಿ, ದೋಸೆಗೆ ಅನ್ವಯಿಸುವುದಿಲ್ಲ’ ಎಂದು ಬರೆದರು. ಜೋರಾಗಿ ಚಪ್ಪಾಳೆ ಬಿತ್ತು.

“ಸರ್, ರೊಟ್ಟಿಗೆ?” ಅಶ್ಮಿತಾ ಕೇಳಿದಳು.

“ಅದನ್ನು ಮುಂದಿನ ವಾರ ನೋಡೋಣ,” ಎಂದರು ಸರ್.

ಅಶ್ಮಿತಾಳಿಗೆ ಸಿಟ್ಟು ಬಂತು. ಸರ್ ಮೇಲೋ, ತನ್ನ ಮೇಲೋ ಗೊತ್ತಾಗಲಿಲ್ಲ. ಸ್ಟಿಕರ್ ಹಾಳೆಯನ್ನು ಮೇಜಿನ ಮೇಲೇ ಬಿಟ್ಟು ಮೆಟ್ಟಿಲ ಕಡೆ ಓಡಿದಳು.

“ಸಾರಿ, ದಾನಿ. ನಾಳೆ ರೊಟ್ಟಿ ತಾ. ನಂಗೆ ಬೇಕು.”

“ಮುಗದಾವು.”

“ಅಜ್ಜಿ ಮತ್ತೆ ಕಳಿಸ್ತಾರಲ್ಲ?”

ದಾನಮ್ಮ ಕೈಯಲ್ಲಿದ್ದ ಬಿಸ್ಕಿಟನ್ನು ಎರಡು ತುಂಡು ಮಾಡಿದಳು, ತಿನ್ನಲಿಲ್ಲ. “ನಿನ್ನೆ ಆಯಿ ಫೋನ್ ಮಾಡಿದ್ಲು. ಮತ್ತ ಕಳಸ್ಲೇನು ಅಂದ್ಲು. ನಾ ಬ್ಯಾಡ ಅಂದೆ. ಸಾಲ್ಯಾಗ ಈಗ ರೊಟ್ಟಿ ಯಾರೂ ತಿನ್ನಂಗಿಲ್ಲ ಅಂದೆ.”

“ಅದಕ್ಕೆ ಅಜ್ಜಿ ಎಂತ ಹೇಳಿದ್ರು?”

“ಅವ್ವಗ ಫೋನ್ ಕೊಡು ಅಂದ್ಲು.”

ಅಶ್ಮಿತಾಳಿಗೆ ಅಳು ಬಂದಂತಾಯಿತು. ತಾನು ಕೆಂಪು ಅಂಟಿಸಿದ್ದು ಬರೀ ಒಂದು ಡಬ್ಬಿಯ ಮುಚ್ಚಳಕ್ಕೆ ಎಂದು ಅವಳು ತಿಳಿದಿದ್ದಳು.

ಶಾಲೆ ಬಿಟ್ಟಾಗ ದಾನಮ್ಮನ ಅವ್ವ ಸಾಬವ್ವ, ಕಟ್ಟಡದ ಕೆಲಸ ಮುಗಿಸಿ ಸಿಮೆಂಟು ಮೆತ್ತಿದ ಕಾಲಲ್ಲೇ ಗೇಟಿಗೆ ಬಂದಿದ್ದಳು. ಅಜ್ಜಿಯ ಜೊತೆ ಮಾತಾಡಬೇಕೆಂದು ಅಶ್ಮಿತಾ ಅವಳ ಮೊಬೈಲ್ ಕೇಳಿದಳು. ಸಾಬವ್ವ ಮಗಳ ಮುಖ ನೋಡಿ, ಊರಿಗೆ ಫೋನ್ ಹಚ್ಚಿಕೊಟ್ಟಳು.

“ಯಾರವಾ ನೀ?” ಆ ಕಡೆಯಿಂದ ಒಂದು ಮುದಿ ದನಿ ಕೇಳಿತು.

ಮಾನಿಟರ್ ಎನ್ನಲು ಬಾಯಿ ಬರಲಿಲ್ಲ.

“ಅಜ್ಜಿ, ನಾನು… ದಾನಮ್ಮನ ರೊಟ್ಟಿಯಲ್ಲಿ ಅರ್ಧ ತಿಂತಿದ್ದವಳು.”



“ಅರ್ಧ ಯಾಕವಾ?” ಎಂದಳು ಅಜ್ಜಿ. “ನಿಂಗ ಬ್ಯಾರೇನ ಕಟ್ಟಿ ಕಳಸ್ತೀನಿ. ಎಷ್ಟ್ ಬೇಕ ಹೇಳು.”

“ಅದನ್ನು ದಾನಿಯೇ ಹೇಳ್ಲಿ ಅಜ್ಜಿ,” ಎಂದು ಅಶ್ಮಿತಾ ಫೋನನ್ನು ದಾನಮ್ಮನ ಕೈಗೆ ಕೊಟ್ಟಳು.