ಕೆರೆಯ ಮೇಲಿನ ದೀಪಗಳು

ತನ್ನ ಏಳು ವರ್ಷದ ದುಡಿಮೆ ಮೇಡಂ ಬಾಯಲ್ಲಿ ‘ನನ್ನ ವಿಧಾನ’ ಆದ ದಿನವೇ ಅವನು ಸೇಡು ತೀರಿಸಿಕೊಳ್ಳಲು ನಿರ್ಧರಿಸಿದ್ದ. ಉಪಗ್ರಹ ರಾತ್ರಿ ತೆಗೆದ ಚಿತ್ರದಲ್ಲಿ ಊರಿನ ಬೆಳಕನ್ನು ಅಳೆದು, ಇಂಥ ಕಡೆ ಇಷ್ಟು ಜನ ಎಂದು ಅಂದಾಜಿಸುವ ಸೂತ್ರ ಅವನದು. ವರದಿಯ ಮೇಲಿನ ಹೆಸರು ಅವಳದು. ಅವನು ಬರೀ ‘ನಮ್ಮ ಸಹಾಯಕ’. ಆ ಮಾತು ನೆನಪಾದಾಗಲೆಲ್ಲ ಹಲ್ಲು ಕಟಕಟ ಕಡಿಯುತ್ತಿದ್ದ.

ಹೊಡೆದರೆ ಮಾನಕ್ಕೇ ಹೊಡೆಯಬೇಕು. ನಾಳೆಯ ಸಭೆಯಲ್ಲಿ ಈ ಅಂದಾಜಿನ ಮೇಲೆಯೇ ಊರಿಗೆ ನೀರು ಹಂಚುತ್ತಾರೆ. ಮೇಡಂ ನೋಡುವುದು ಲಕ್ಷಗಟ್ಟಲೆಯ ಒಟ್ಟು ಸಂಖ್ಯೆಯನ್ನಷ್ಟೇ. ಮಿಕ್ಕಿದ್ದಕ್ಕೆ ಅವನನ್ನು ನಂಬಿಬಿಡುತ್ತಾಳೆ. ಮಧ್ಯಾಹ್ನ ಒಂದಕ್ಕೆ ಕಾಯಿಲೆಯ ತಾಯಿಗೆ ಫೋನ್ ಮಾಡಲು ತಾರಸಿಗೆ ಹೋಗುತ್ತಾಳೆ, ಕಂಪ್ಯೂಟರ್ ತೆರೆದೇ ಇರುತ್ತದೆ.

ಅವನು ಅವಳ ಕುರ್ಚಿಯಲ್ಲೇ ಕೂತ. ಈ ವರ್ಷದ ಚಿತ್ರದಿಂದಲೇ ಬೆಳಕು ಕದ್ದು ಬೇರೆಡೆ ಅಂಟಿಸಿದರೆ ಒಂದೇ ಥರದ ಎರಡು ತುಂಡು ಯಾರ ಕಣ್ಣಿಗಾದರೂ ಬಿದ್ದೀತು. ಅದಕ್ಕೇ ಏಳು ವರ್ಷ ಹಳೆಯ ಚಿತ್ರ ತೆಗೆದ. ದಿನವೂ ನೋಡಿ ಕಣ್ಣಿಗೆ ಪಳಗಿದ ಒಂದು ಬಡಾವಣೆಯನ್ನು ಕತ್ತರಿಸಿ ಊರಾಚೆಯ ಕೆರೆಯ ನಟ್ಟನಡುವೆ ಅಂಟಿಸಿದ. ನೀರಿನ ಜಾಗವನ್ನು ಲೆಕ್ಕದಿಂದ ಹೊರಗಿಡುವ ಗುರುತನ್ನು ಅಳಿಸಿದ. ಸೂತ್ರ ಮರುಮಾತಾಡದೆ ಒಪ್ಪಿಕೊಂಡಿತು: ಕೆರೆಯಲ್ಲಿ ನಲವತ್ತು ಸಾವಿರ ಜನ. ಬದಲಾವಣೆ ಮಾಡಿದವರ ದಾಖಲೆಯಲ್ಲಿ ಬಿದ್ದದ್ದು ಅವಳ ಹೆಸರು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

“ಊಟ ಆಯ್ತೇನ್ರೀ? ಕೆಲಸ ಕೆಲಸ ಅಂತ ಹೊಟ್ಟೆ ಕಾಯಿಸ್ಬೇಡಿ,” ಎನ್ನುತ್ತ ಬಂದ ಮೇಡಂ, ಅಷ್ಟರಲ್ಲಿ ತನ್ನ ಮೇಜಿಗೆ ಮರಳಿದ್ದ ಅವನ ಮುಂದೆ ಡಬ್ಬಿಯ ಅರ್ಧ ಊಟ ಇಟ್ಟಳು. ಅವನು ತಿಂದ. ತುತ್ತು ಕೊಟ್ಟು ಹೆಸರು ಕಸಿಯುವವಳು, ಎಂದು ಒಳಗೊಳಗೇ ಕುದಿಯುತ್ತಲೇ ತಿಂದ.

ಮರುದಿನ ಅವರದೇ ಕಚೇರಿಯ ಸಭಾಕೋಣೆಯ ಗೋಡೆಯ ಮೇಲೆ ಕೆರೆ ಜಗಮಗಿಸಿತು.

“ಏನ್ ಮೇಡಂ, ಮೀನುಗಳಿಗೂ ನಲ್ಲಿ ಹಾಕಿಸ್ಬೇಕಾ?” ಎಂದ ನೀರಿನ ಇಲಾಖೆಯವನು. ಸಭೆ ಗೊಳ್ಳೆಂದಿತು.

ಅಧ್ಯಕ್ಷರು ಮಾತ್ರ ನಗಲಿಲ್ಲ. ದಾಖಲೆ ತರಿಸಿ ನೋಡಿದರು. “ನಿಮ್ಮ ಕಂಪ್ಯೂಟರಲ್ಲೇ ಆಗಿದೆಯಲ್ಲಮ್ಮ. ಇನ್ನು ನಿಮ್ಮನ್ನ ಈ ಹುದ್ದೆಯಲ್ಲಿ ಹೇಗೆ ಇಟ್ಕೊಳ್ಳೋದು?”

ಹಿಂದಿನ ಸಾಲಿನಲ್ಲಿ ಅವನಿಗೆ ಹಾಲು ಕುಡಿದಷ್ಟು ಸಂತೋಷ.

ಮೇಡಂ ಕನ್ನಡಕ ಒರೆಸಿಕೊಂಡು ಗೋಡೆಯ ಹತ್ತಿರ ಹೋಗಿ, ಕೊಕ್ಕೆಯಂತೆ ಬಾಗಿದ ದೀಪದ ಸಾಲನ್ನೂ ಅದರ ಒಳಗಿನ ಕಪ್ಪು ಮೈದಾನವನ್ನೂ ಬೆರಳಿನಿಂದ ಮುಟ್ಟಿದಳು. ಆಮೇಲೆ ಅವನ ಕಡೆ ತಿರುಗಿ, ಎಂದಿನ ಮೆತ್ತನೆಯ ದನಿಯಲ್ಲೇ ಕೇಳಿದಳು: “ಅಲ್ರೀ, ಇದು ನಿಮ್ಮ ಬಡಾವಣೆ ಅಲ್ವಾ? ಕೆಲಸಕ್ಕೆ ಸೇರಿದ ದಿನ ‘ನಮ್ಮನೆ ಕಾಣುತ್ತಾ ಮೇಡಂ’ ಅಂತ ಕೇಳಿದ್ರಿ. ನಾನೇ ಹುಡುಕಿ, ಚೌಕಟ್ಟು ಹಾಕಿಸಿ ಕೊಟ್ಟಿದ್ನಲ್ಲ?” ಎಲ್ಲರ ಕತ್ತೂ ಗಾಜಿನ ಬಾಗಿಲಾಚೆ ತಿರುಗಿತು, ಅಲ್ಲಿ, ಅವನ ಮೇಜಿನ ಹಿಂದಿನ ಗೋಡೆಯಲ್ಲಿ, ಆ ಚಿತ್ರ ಏಳು ವರ್ಷದಿಂದ ತೂಗುತ್ತಿತ್ತು.