ಲೈನ್ ಕಡಿದ ಕಾರಣ

ಹದಿಮೂರು ದಿನ ಪ್ರಣಿತಾಳ ಲೈನ್ ಕಡಿದಿಟ್ಟರು. ಯಾಕೆಂದು ಹೇಳಲಿಲ್ಲ.

ಘಾಟಬೋರಾಳ ಊರಿನ ಅವಳು ಬಸವಕಲ್ಯಾಣದ ದರ ಸಂಗ್ರಹ ಕೇಂದ್ರದಲ್ಲಿ ಕುಳಿತು ತೊಗರಿ, ಸೋಯಾ ದರವನ್ನು ಹುಮನಾಬಾದಿನ ಆಫೀಸಿನ ಸರ್ವರ್‌ಗೆ ಕಳಿಸುತ್ತಿದ್ದಳು. ಅದಕ್ಕಾಗಿ ಕಮಾಂಡ್ ಟೈಪಿಸಿ ನಡೆಸುವ, ಎರಡೂ ಕಡೆಯ ನಡುವೆ ಲೈನ್ ತೆರೆದಿಡುವ ವೆಬ್‌ಸಾಕೆಟ್ ಟೂಲ್ ಬರೆದವನು ಆ ಆಫೀಸಿನ ಸಂಜುಕುಮಾರ. ಕಪ್ಪು ಪರದೆಯಲ್ಲಿ ದರದ ಕೆಳಗೆ ಅವನದೊಂದು ಸಾಲು, ಅದಕ್ಕೆ ಅವಳದೊಂದು ಸಾಲು ಬರುತ್ತಿತ್ತು:

"ಚಹಾ ಆಯ್ತೇನ್ರಿ ಮೇಡಂ?"

"ನಿಮ್ಮನ್ನ ಬಿಟ್ಟು ಕುಡಿದ್ರ ಗಂಟಲಾಗ ಇಳಿಯಂಗಿಲ್ರಿ."

ಈಗ ಒಂದೇ ಮಾತು: ಸಂಪರ್ಕ ಮುಚ್ಚಿದೆ. ದಿನಕ್ಕೆ ನೂರು ಸಲ ಎಂಟರ್ ಒತ್ತಿದಳು. ಫೋನಿನತ್ತ ಹೋದ ಬೆರಳು ಹಿಂದೆ ಬರುತ್ತಿತ್ತು, ಒಲ್ಲದವನನ್ನು ಬೇಡಲೇ? ಹದಿನಾಲ್ಕನೆಯ ದಿನ ಲ್ಯಾಪ್‌ಟಾಪನ್ನು ಎದೆಗವಚಿ ಬಸ್ಸು ಹತ್ತಿದಳು.

ಹುಮನಾಬಾದಿನ ಆಫೀಸಿನಲ್ಲಿ ಅವನು ಎದ್ದು ನಿಂತ. ಅವಳ ಕಣ್ಣು ಅವನ ಬೆಳೆದ ಗಡ್ಡದಿಂದ ಜಾರಿ, ಅಂಗಿಯ ತಪ್ಪು ಹಾಕಿದ ಗುಂಡಿಯಲ್ಲಿ ನಿಂತಿತು.

"ಹಸಿ ತೊಗರಿ ವಾಪಸ್ ಕಳಿಸಿದ್ರೂ ಹಸಿ ಅದ ಅಂತ ಹೇಳ್ತಾರ. ನನಗ ಅಷ್ಟೂ ಇಲ್ಲೇನ್ರಿ?"

"ನಾ ಮುಚ್ಚಿಲ್ರಿ. ನಿಮಗ ನಿಶ್ಚಯ ಆಗ್ಯಾದ, ಕೆಲಸ ಬಿಟ್ಟೀರಿ ಅಂದ್ರು ಕಾಕಾ."

"ಯಾರ ಜೋಡಿ ನಿಶ್ಚಯ? ಈ ಲ್ಯಾಪ್‌ಟಾಪ್ ಜೋಡೀನಾ?" ಅವಳು ಅದನ್ನು ಅವನ ಮೇಜಿನ ಮೇಲಿಟ್ಟು ತೆರೆದಳು.

ಲೈನ್ ಕಡಿಯುವಾಗ ಸರ್ವರ್ ಒಂದು ಸಂಖ್ಯೆಯನ್ನೂ ಕಾರಣವನ್ನೂ ಕಳಿಸುತ್ತದೆ. ಅದು ಯಾರಿಗೆ ಬೇಕೆಂದು ಟೂಲಿನಲ್ಲಿ ತೋರಿಸದೆ ಬಿಟ್ಟವನು ಸಂಜುವೇ. ಈಗ ಎರಡು ಸಾಲು ಕೋಡ್ ಸೇರಿಸಿ, ಅವಳ ಲ್ಯಾಪ್‌ಟಾಪಿನಲ್ಲಿ ನಡೆಸಿದ.

ಮುಚ್ಚಿದೆ. 1008. ಕಾರಣ: ಘಾಟಬೋರಾಳದ ಕೇರಿ ಹುಡುಗಿ ಬ್ಯಾಡ. ದತ್ತಾತ್ರಿ.

ದತ್ತಾತ್ರಿ ಅವನ ಕಾಕಾ, ಆಫೀಸಿನ ಮಾಲೀಕ. ಲೈನ್ ಬಂದ್ ಮಾಡಲು ಕಾರಣದ ಖಾನೆ ತುಂಬಲೇಬೇಕು. ಆಫೀಸಿನಲ್ಲೇ ಉಳಿಯುತ್ತದೆಂದುಕೊಂಡು ಅವರು ಮನಸ್ಸಿನಲ್ಲಿದ್ದುದನ್ನೇ ಬರೆದಿದ್ದರು.

ಪ್ರಣಿತಾ ಎರಡು ಸಲ ಓದಿದಳು. "ನಮ್ಮವ್ವ ಈ ಮಾತು ಬಾವಿ ಕಟ್ಟಿ ಮ್ಯಾಲ ಕೇಳ್ಯಾಳ. ನನಗ ಮಷೀನಿನಾಗ ಬಂತು."

"ನನಗ ನೀ ಬೇಕು," ಅಂದ ಸಂಜು. "ನಿನ್ನ ಸಾಲಿಲ್ದ ಹದಿಮೂರು ದಿನ ಸತ್ತೀನಿ."

ಅವಳು ಕಣ್ಣೆತ್ತಿದಳು. ಉತ್ತರ ಅಲ್ಲಿತ್ತು.

ಬಾಗಿಲಲ್ಲಿ ಕೆಮ್ಮಿದ ಸದ್ದು. ದತ್ತಾತ್ರಿ ಪರದೆ ನೋಡುತ್ತ ನಿಂತಿದ್ದರು.

"ಏ ಸಂಜ್ಯಾ, ಲೈನ್ ಬಂದ್ ಮಾಡೀವಲ್ಲ, ಆ ಚಿಟಗುಪ್ಪ ಕೇಂದ್ರದವರಿಗೂ ಹಿಂಗ ಕಾಣ್ತದೇನು?"

"ಯಾರ ಲೈನ್ ಕಡೀತೀರಿ, ಅವರಿಗೆ ಕಾಣ್ತದ್ರಿ."

"ಆ ಕೋಡ್ ತೆಗಿ. ಇಲ್ಲಾಂದ್ರ ನೌಕರಿನೂ ಇಲ್ಲ, ಮನಿನೂ ಇಲ್ಲ."

ಸಂಜು ಕಾರಣ ತೋರಿಸುವ ಹೊಸ ಟೂಲನ್ನು ಎಲ್ಲ ಕೇಂದ್ರಗಳಿಗೂ ಕಳಿಸಿದ. ಕುರ್ಚಿಯನ್ನು ಪ್ರಣಿತಾಳ ಪಕ್ಕಕ್ಕೆ ಎಳೆದು ಕುಳಿತ.

"ತೆಗೆಯಂಗಿಲ್ಲ, ಕಾಕಾ."